ಹಿಂದಕ್ಯಾಕ ಒದೀತಾರ?

ಕೊಟ್ಟೂರಿನ ನಮ್ಮ ಮನೇಲಿ ಆಟ ಅಂದ್ರೆ ಕಬಡ್ಡಿ. ಬೆಂಗಳೂರಿಗೆ ಕೆಲಸಕ್ಕೆ ಬಂದಮೇಲೆ ನನಗೆ ಬಿಎಫ್‌ಸಿ ಹುಚ್ಚು ಹಿಡಿಯಿತು. ಮ್ಯಾಚ್ ಹಾಕಿದಾಗೆಲ್ಲ ಅಪ್ಪನದು ಒಂದೇ ಪ್ರಶ್ನೆ: ‘ಗೋಲು ಆ ಕಡೆ ಐತಿ, ಇವರು ಹಿಂದಕ್ಯಾಕ ಒದೀತಾರ?’

ಅದು ಕೋಚ್ ಆಲ್ಬರ್ಟ್ ರೋಕಾ ಕಲಿಸಿದ ಆಟ. ಬಾರ್ಸಿಲೋನಾದಲ್ಲಿ ರೈಕಾರ್ಡ್‌ಗೆ ಸಹಾಯಕರಾಗಿದ್ದವರು, 2016ರಲ್ಲಿ ಇಲ್ಲಿಗೆ ಬಂದರು. ಚೆಂಡು ಹಿಂದಕ್ಕೆ ಹೋದರೆ ಎದುರಾಳಿ ಆಸೆಬಿದ್ದು ಮುಂದೆ ಓಡಿ ಬರ್ತಾನೆ, ಅವನ ಬೆನ್ನ ಹಿಂದೆ ಜಾಗ ಸಿಗುತ್ತೆ. ‘ರೈಡರ್ ಕಾಲು ತೋರಿಸಿ ಹಿಡಿಯೋನನ್ನ ಎಳೀತಾನಲ್ಲ, ಹಂಗಪ್ಪ’ ಅಂದೆ. ‘ಹ್ಞೂಂ’ ಅಂದರು, ಒಪ್ಪಲಿಲ್ಲ.

2018ರ ಯುಗಾದಿಯ ಹಿಂದಿನ ದಿನ, ಮಾರ್ಚ್ 17, ಐಎಸ್‌ಎಲ್ ಫೈನಲ್. ಊರಲ್ಲೇ ಇದ್ದೆ. ಕಂಠೀರವದಲ್ಲಿ ಛೆಟ್ರಿ ಮೊದಲ ಗೋಲು ಹೊಡೆದರೂ ಚೆನ್ನೈಯಿನ್‌ನ ಮೈಲ್ಸನ್ ಆಲ್ವೆಸ್ ಎರಡು ಕಾರ್ನರ್‌ಗಳಿಗೆ ತಲೆ ಕೊಟ್ಟು ಎರಡು ಗೋಲು ಹಾಕಿದ. 3-2ರಿಂದ ಸೋತೆವು. ಅಪ್ಪ ಮಾತಾಡಲಿಲ್ಲ, ಅದೇ ಹೆಚ್ಚು ಚುಚ್ಚಿತು.

ರೋಕಾ ಹೋದರು. ಅವರ ಸಹಾಯಕ ಕಾರ್ಲೆಸ್ ಕ್ವಾದ್ರತ್ ಕೋಚ್ ಆದರು. ಮರುವರ್ಷ, ಅದೇ ಮಾರ್ಚ್ 17, ಮುಂಬೈ. ಎದುರಿಗೆ ಲೊಬೆರಾ ಅವರ ಗೋವಾ, ಪಾಸಿನಲ್ಲಿ ಎಲ್ಲರನ್ನೂ ಸುಸ್ತು ಮಾಡುವ ತಂಡ. 117ನೇ ನಿಮಿಷ, ಒಂದು ಕಾರ್ನರ್, ರಾಹುಲ್ ಭೆಕೆ ತಲೆ. ಕಪ್ ನಮ್ಮದು.

ತಕ್ಷಣ ಅಪ್ಪನ ಫೋನು: ‘ಈ ಸಲ ಹಿಂದಕ್ಕ ಒದೀಲಿಲ್ಲ ನೋಡು!’

ಕುಣಿದೆ, ನಿಜ. ಆದರೂ ನನಗೆ ಇವತ್ತಿಗೂ ಇಷ್ಟವಾಗೋದು ರೋಕಾ ಅವರ ಆ ಸೋತ ತಂಡವೇ.