ಎಕ್ಕಂಬಿಗೆ ಎಷ್ಟು ಮನೆ ಬೇಕು?

ಪಿಎಚ್‌ಡಿ ಮಾಡುವವರಿಗೆ ಫೆಲೋಶಿಪ್ಪಿನ ಜತೆಗೆ ಮೊದಲ ವರ್ಷದ ಹುಡುಗರ ಲ್ಯಾಬ್ ನೋಡಿಕೊಳ್ಳುವ ಕೆಲಸವೂ ಅಂಟಿಕೊಂಡು ಬರುತ್ತದೆ. ನನ್ನ ಪಾಲಿಗೆ ಬಂದದ್ದು ಸಿ ಭಾಷೆಯ ಲ್ಯಾಬ್. ಕಳೆದ ವರ್ಷ ಒಂದು ದಿನ ‘ಕೆಲವು ಹೆಸರುಗಳನ್ನು ಓದಿಕೊಂಡು, ಒಂದೊಂದು ಸಾಲಿಗೆ ಒಂದರಂತೆ ಮುದ್ರಿಸಿ’ ಎಂಬ ಲೆಕ್ಕ ಕೊಟ್ಟಿದ್ದೆ. ಒಬ್ಬ ಹುಡುಗಿ ಹೆಸರುಗಳನ್ನು ಕನ್ನಡದಲ್ಲಿ ಟೈಪ್ ಮಾಡಿದ್ದಳು. ಒಂದು ಹೆಸರಿನ ಬಾಲ ಕತ್ತರಿಸಿ ಅಲ್ಲಿಗೆ ಮುಂದಿನ ಹೆಸರು ಅಂಟಿಕೊಂಡು ಬರುತ್ತಿತ್ತು. “ಸರ್, ಎಲ್ಲರೂ ಬರೆದ ಹಾಗೇ ಬರೆದಿದ್ದೀನಲ್ಲ?” ಅಂದಳು. ಹಾಗೇ ಬರೆದಿದ್ದಳು. “ಇಂಗ್ಲಿಷಲ್ಲಿ ಹಾಕಮ್ಮ, ಬರುತ್ತೆ” ಎಂದು ಪಕ್ಕದ ಕಂಪ್ಯೂಟರಿಗೆ ಹೋದೆ. ಇಂಗ್ಲಿಷಲ್ಲಿ ಬಂತು. ಸಹಿ ಹಾಕಿಸಿಕೊಂಡು ಹೋದಳು.

ಅದು ಮತ್ತೆ ನೆನಪಾದದ್ದು ಈ ಮಳೆಗಾಲ ಊರಿಗೆ ಹೋದಾಗ. ನಮ್ಮೂರು ಎಕ್ಕಂಬಿ, ಶಿರಸಿಯಿಂದ ಹುಬ್ಬಳ್ಳಿಗೆ ಹೋಗುವ ದಾರಿಯಲ್ಲಿದೆ. ನಮ್ಮನೆಯಲ್ಲಿ ಪೇಪರಿನ ಪದಬಂಧ ತುಂಬುವ ಹಕ್ಕು ಅಜ್ಜನದು. ಉಳಿದವರಿಗೆ ಉತ್ತರ ಹೊಳೆದರೆ ಬಾಯಲ್ಲಿ ಹೇಳಬಹುದು, ಪೆನ್ನು ಮುಟ್ಟುವಂತಿಲ್ಲ. ಈಗ ಎರಡು ವರ್ಷದಿಂದ ಅಜ್ಜನ ಕಣ್ಣಿನ ನಡುಭಾಗಕ್ಕೇ ಮಸುಕು ಕವಿದಿದೆ. ಭೂತಗನ್ನಡಿ ಹಿಡಿದರೆ ಸುಳಿವು ಹೇಗೋ ಓದುತ್ತಾನೆ, ಚೌಕದ ಮೂಲೆಯ ಅಂಕಿ ಕಾಣುವುದಿಲ್ಲ. ಪೇಪರು ಮಡಚಿದಂತೆಯೇ ಪಕ್ಕದಲ್ಲಿ ಬಿದ್ದಿರುತ್ತದೆ. ನನ್ನ ಲ್ಯಾಪ್‌ಟಾಪಿನಲ್ಲಿ ಅಕ್ಷರ ದೊಡ್ಡದು ಮಾಡಿ ತೋರಿಸಿದರೆ ಸಲೀಸಾಗಿ ಓದಿದ. ಸರಿ, ಪದಬಂಧವನ್ನೇ ದೊಡ್ಡದಾಗಿ ಮುದ್ರಿಸಿಕೊಡುವ ಪ್ರೋಗ್ರಾಂ ಬರೆಯುತ್ತೇನೆ ಅಂದೆ. ಝೆರಾಕ್ಸ್ ಅಂಗಡಿಯಲ್ಲಿ ದೊಡ್ಡದು ಮಾಡಿಸಿದರೆ ಆಗದೇ ಎಂದು ತಂಗಿ ಕೇಳಿದಳು. ಆಗುತ್ತಿತ್ತು. ಆದರೆ ಮನೆಯಲ್ಲಿ ನಾನು ಕಂಪ್ಯೂಟರ್ ಓದಿದವನು.

ಪರೀಕ್ಷೆಗೆಂದು ಹಿಂದಿನ ದಿನದ ಪದಬಂಧವನ್ನೂ ಅದರ ಉತ್ತರವನ್ನೂ ಎದುರಿಗಿಟ್ಟುಕೊಂಡೆ. ಸಾಲು, ಕಂಬ ಇರುವ ಚೌಕ ಅಂದರೆ ಸಿ ಭಾಷೆಯ ಎರಡು ಆಯಾಮದ ಅರೇ. ‘ಚಾರ್ ಮನೆ[9][9]’ ಎಂದರೆ ಒಂಬತ್ತು ಸಾಲು, ಸಾಲಿಗೆ ಒಂಬತ್ತು ಮನೆ. ಮೊದಲು ಇಂಗ್ಲಿಷ್ ಅಕ್ಷರ ಹಾಕಿ ನೋಡಿದೆ. ಎರಡನೇ ಸಾಲಿನಿಂದ ಎಲ್ಲವೂ ಓರೆಯಾಗಿ ಜಾರಿತು. ಒಂದೊಂದೇ ಅಕ್ಷರ ಓದುವ ಸ್ಕ್ಯಾನ್‌ಎಫ್‌ಗೆ ನಾವು ಸಾಲಿನ ಕೊನೆಗೆ ಒತ್ತುವ ಎಂಟರ್ ಕೂಡ ಒಂದು ಅಕ್ಷರವೇ. ಅದೂ ಬಂದು ಒಂದು ಮನೆಯಲ್ಲಿ ಕೂತುಬಿಡುತ್ತದೆ. ಶೇಕಡಾ ಚಿಹ್ನೆಯ ಹಿಂದೆ ಒಂದು ಖಾಲಿ ಜಾಗ ಬಿಟ್ಟರೆ ಹಳೆಯ ಎಂಟರನ್ನು ದಾಟಿ ಮುಂದೆ ಹೋಗುತ್ತದೆ. ಹುಡುಗರಿಗೆ ನೂರು ಸಲ ಹೇಳಿದ ತಪ್ಪನ್ನು ನಾನೇ ಮಾಡಿದ್ದೆ.

ಆಮೇಲೆ ಕನ್ನಡ ಹಾಕಿದೆ. ಟರ್ಮಿನಲ್‌ನಲ್ಲಿ ಒತ್ತುಗಳು ಚದುರುತ್ತವೆಂದು ಫೈಲಿಗೆ ಬರೆಸಿ ಬ್ರೌಸರಿನಲ್ಲಿ ತೆರೆದರೆ, ಮನೆ ಮನೆಯಲ್ಲೂ ಕರಿ ವಜ್ರದೊಳಗೊಂದು ಪ್ರಶ್ನೆ ಚಿಹ್ನೆ. ಅಕ್ಷರ ಬೇಡ, ಇಡೀ ಪದವನ್ನೇ ಓದಿಸೋಣವೆಂದು ಲ್ಯಾಬಿನ ಹಳೆಯ ‘ಚಾರ್ ಊರು[10][20]’ ತೆಗೆದೆ. ಹತ್ತು ಹೆಸರು, ಒಂದೊಂದಕ್ಕೆ ಇಪ್ಪತ್ತು ಮನೆ. ಕೈಗೆ ಬಂದ ಎರಡು ಹೆಸರು ಕೊಟ್ಟೆ: ಎಕ್ಕಂಬಿ, ಶಿರಸಿ. ಮೊದಲ ಸಾಲಿನಲ್ಲಿ ‘ಎಕ್ಕಂಬ’, ಒಂದು ಕರಿ ವಜ್ರ, ಅದಕ್ಕೆ ತಾಗಿಯೇ ‘ಶಿರಸಿ’. ಎರಡನೇ ಸಾಲಿನಲ್ಲಿ ಇನ್ನೊಮ್ಮೆ ‘ಶಿರಸಿ’.

ಅಜ್ಜ ಬಗ್ಗಿ ನೋಡಿದ. “ಇದು ಯಾವ ಊರೋ ತಮಾ? ನಮ್ಮೂರಿನ ಗುಡಿಸು ಎಲ್ಲಿ ಹೋತು?”

ಕಾಗದ ತೆಗೆದುಕೊಂಡು ಲೆಕ್ಕ ಹಾಕಿದೆ. ಬೆಲ್ ಲ್ಯಾಬ್ಸ್‌ನಲ್ಲಿ ಡೆನ್ನಿಸ್ ರಿಚೀ 1970ರ ದಶಕದ ಆರಂಭದಲ್ಲಿ ರೂಪಿಸಿದ ಸಿ ಭಾಷೆಯಲ್ಲಿ ಚಾರ್ ಅಂದರೆ ಒಂದು ಬೈಟ್. ಇಂಗ್ಲಿಷಿನ ಒಂದು ಅಕ್ಷರಕ್ಕೆ ಅಷ್ಟು ಸಾಕು. ಕನ್ನಡಕ್ಕೆ ಯುನಿಕೋಡಿನಲ್ಲಿ 128 ಸ್ಥಾನಗಳ ಒಂದು ಕೇರಿ ಇದೆ. ಅಲ್ಲಿ ಎ, ಕ, ಅರ್ಧಾಕ್ಷರದ ಚಿಹ್ನೆ, ಇನ್ನೊಂದು ಕ, ಸೊನ್ನೆ, ಬ, ಗುಡಿಸು ಬೇರೆ ಬೇರೆ. ಎಕ್ಕಂಬಿಗೆ ಒಟ್ಟು ಏಳು. ಯುಟಿಎಫ್-8ರಲ್ಲಿ ಬರೆದಾಗ ಪ್ರತಿಯೊಂದಕ್ಕೂ ಮೂರು ಬೈಟ್. ಏಳು ಮೂರಲ ಇಪ್ಪತ್ತೊಂದು, ಪದ ಮುಗಿಯಿತೆಂದು ಹೇಳುವ ಸೊನ್ನೆ ಬೈಟ್ ಒಂದು, ಒಟ್ಟು 22. ಇದ್ದದ್ದು 20. ಗುಡಿಸಿನ ಕೊನೆಯ ಬೈಟೂ ಆ ಸೊನ್ನೆಯೂ ಪಕ್ಕದ ಸಾಲಿನ ಜಗುಲಿಗೆ ಹೋಗಿ ಕೂತವು. ಆಮೇಲೆ ಬಂದ ಶಿರಸಿ ಅವುಗಳ ಮೇಲೇ ಕೂತಿತು. ಮುಗಿಯಿತೆನ್ನುವ ಗುರುತೇ ಇಲ್ಲದ ಮೇಲೆ ಪ್ರಿಂಟ್‌ಎಫ್ ಪಾಪ ಓದುತ್ತಲೇ ಹೋಯಿತು. ಕಂಪೈಲರ್ ಒಂದು ಎಚ್ಚರಿಕೆಯನ್ನೂ ಕೊಟ್ಟಿರಲಿಲ್ಲ.

ಆ ಹುಡುಗಿಯ ಪರದೆಯಲ್ಲಿ ಆದದ್ದೂ ಇದೇ. ನಾನು ಕನ್ನಡ ಮಾಧ್ಯಮದಲ್ಲಿ ಓದಿದವನು. ‘ಕ್ಯಾರೆಕ್ಟರ್’ ಎಂದರೆ ‘ಅಕ್ಷರ’ ಎಂದು ಪಿಯುಸಿಯಲ್ಲಿ ಮನಸ್ಸಿನೊಳಗೇ ಅನುವಾದಿಸಿಕೊಂಡದ್ದು ಹಾಗೇ ಉಳಿದಿತ್ತು. ಮೂರು ವರ್ಷದಿಂದ ಹುಡುಗರಿಗೂ ಅದನ್ನೇ ಹೇಳಿಕೊಟ್ಟಿದ್ದೇನೆ. ಅವಳು ನಿಜವಾದ ಪ್ರಶ್ನೆ ಕೇಳಿದಾಗ ಉತ್ತರ ಗೊತ್ತಿಲ್ಲವೆನ್ನದೆ ಭಾಷೆ ಬದಲಾಯಿಸು ಅಂದೆ. ಅವಳ ಹೆಸರು ನೆನಪಿಲ್ಲ. ಹಳೆಯ ಹಾಜರಿ ಪಟ್ಟಿಯಲ್ಲಿ ಹುಡುಕಿ, ಈ ಸಲ ಹೋದಾಗ ಹೇಳಬೇಕು.

“ಇಪ್ಪತ್ತೆರಡು ಮನೆ ಬೇಕು ಅಜ್ಜ” ಅಂದೆ.

“ಎಂತಕ್ಕೆ? ಮೂರು ಸಾಕು.” ಬೆರಳು ಮಡಚಿ ತೋರಿಸಿದ: ಎ, ಕ್ಕಂ, ಬಿ.

ಪದಬಂಧದ ಲೆಕ್ಕ ಅದೇ ತಾನೆ. ಒತ್ತು, ಗುಣಿತ, ಸೊನ್ನೆ ಎಲ್ಲ ಸೇರಿ ಒಂದು ಮನೆ. ನನ್ನ ಪ್ರೋಗ್ರಾಮಿಗೆ ಬೇಕಿದ್ದದ್ದೂ ಇದೇ. ಮನೆಯೊಂದಕ್ಕೆ ಒಂದು ಬೈಟ್ ಕೊಡುವ ಬದಲು ಒಂದು ಚಿಕ್ಕ ಸಾಲನ್ನೇ ಕೊಟ್ಟೆ. ಗುಣಿತದ ಚಿಹ್ನೆಯೂ ಸೊನ್ನೆಯೂ ಬಂದರೆ ಹಿಂದಿನ ಮನೆಗೆ ಸೇರಿಸು, ಅರ್ಧಾಕ್ಷರದ ಚಿಹ್ನೆ ಕಂಡರೆ ಮುಂದಿನ ವ್ಯಂಜನವನ್ನೂ ಎಳೆದುಕೋ ಎಂದು ಬರೆದೆ. ‘ಸ್ತ್ರೀ’ಗೆ 19 ಬೈಟ್ ಬೇಕು, ಹಾಗಾಗಿ 20 ಇಟ್ಟೆ. ಅಜ್ಜನಿಗೆ ಹೇಳಿದೆ.

“ಕಾರ್ತ್ಸ್ನ್ಯ ಹಾಕು ನೋಡನ” ಅಂದ. “ಎರಡೇ ಮನೆ.”

ಎರಡನೆಯ ಮನೆಗೆ 28 ಬೇಕಿತ್ತು. ಮತ್ತೆ ಪಕ್ಕದ ಮನೆ ಹಾಳಾಯಿತು. 32 ಮಾಡಿದೆ.

ಮಾರನೆಯ ದಿನ ಶಿರಸಿಗೆ ಹೋಗಿ ದೊಡ್ಡ ಹಾಳೆಯಲ್ಲಿ ಪ್ರಿಂಟ್ ತೆಗೆಸಿಕೊಂಡು ಬಂದೆ. ಒಂದೊಂದು ಮನೆಯೂ ಅಡಕೆಯಷ್ಟು ದಪ್ಪ, ಒಂದು ಒತ್ತೂ ತಪ್ಪಿರಲಿಲ್ಲ. ಅಜ್ಜ ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ಮೇಲಿನಿಂದ ಕೆಳಗಿನವರೆಗೆ ಓದಿದ. ಜೇಬಿನಿಂದ ತೆಗೆದ ಪೆನ್ನನ್ನು ಮತ್ತೆ ಜೇಬಿಗೆ ಸಿಕ್ಕಿಸಿಕೊಂಡ.

“ಎಲ್ಲ ನೀನೇ ತುಂಬಿದ ಮೇಲೆ ಎಂಗೆ ಎಂತ ಇದ್ದು?”

ಖಾಲಿ ಮನೆ ಮುದ್ರಿಸಲು ಅಂಕಿಗಳಷ್ಟೇ ಸಾಕು, ಅಕ್ಷರವೇ ಬೇಡ. ಆ ಸಂಜೆಯೇ ಮತ್ತೆ ಶಿರಸಿಯ ಬಸ್ಸು ಹತ್ತಿದೆ.