ಕೊಚ್ಚಿಯಲ್ಲಿ ಹಡಗು ಹುಟ್ಟುವ ಕಟ್ಟೆ

ಕೊಚ್ಚಿಯ ಹೈಕೋರ್ಟ್ ಜೆಟ್ಟಿಯಲ್ಲಿ ವಾಟರ್ ಮೆಟ್ರೊ ದೋಣಿ ಹತ್ತಿ ಕುಳಿತೆವು. ಆರನೇ ತರಗತಿಯ ಮೊಮ್ಮಗಳು ಕಿಟಕಿಯಾಚೆ ನೋಡಿ, "ಅಜ್ಜ, ದೋಣಿ ಹೊರಟೇಬಿಟ್ಟಿತಾ?" ಎಂದು ಕೇಳಿದಳು. ಅವಳ ಅನುಮಾನ ಸಹಜವೇ. ಎಂಜಿನ್ನಿನ ಗುಡುಗುಡು ಇಲ್ಲ, ಡೀಸೆಲ್ ವಾಸನೆಯೂ ಇಲ್ಲ. ಬ್ಯಾಟರಿಯ ಬಲದಿಂದ ಓಡುವ ದೋಣಿ ಅದು. ನೂರು ಮಂದಿಯನ್ನು ಹೊತ್ತು ಹಿನ್ನೀರಿನ ಮೇಲೆ ಸದ್ದಿಲ್ಲದೆ ಸಾಗುತ್ತಿತ್ತು.

ನಮ್ಮ ಜೊತೆಗಿದ್ದವನು ನನ್ನ ಬಾಲ್ಯದ ಗೆಳೆಯ. ಕುಂದಾಪುರದ ಶಾಲೆಯಲ್ಲಿ ಇಬ್ಬರದ್ದೂ ಒಂದೇ ಬೆಂಚು. ನಾನು ಮೇಷ್ಟ್ರಾದೆ, ಅವನು ಐಟಿಐ ಮುಗಿಸಿ ವೆಲ್ಡರ್ ಆದ. ಪೂರ್ವ ಕರಾವಳಿಯಲ್ಲೂ ಪಶ್ಚಿಮ ಕರಾವಳಿಯಲ್ಲೂ ಹಡಗು ಕಟ್ಟುವ ಯಾರ್ಡ್‌ಗಳಲ್ಲಿ 35 ವರ್ಷ ದುಡಿದು, ಈಗ ಕೊಚ್ಚಿಯಲ್ಲಿ ಮಗನ ಮನೆಯಲ್ಲಿದ್ದಾನೆ. ಮೊಮ್ಮಗಳು ಬಂದ ದಿನವೇ ಅವನಿಗೆ 'ವೆಲ್ಡರ್ ಅಜ್ಜ' ಎಂದು ಹೆಸರಿಟ್ಟಿದ್ದಳು.

ಅವನು ದಕ್ಷಿಣದ ಕಡೆ ಕೈ ತೋರಿಸಿದ. "ಮಗಾ, ಅಲ್ಲಿ ಕ್ರೇನುಗಳು ಕಾಣ್ತವಲ್ಲ? ಅದು ಕೊಚ್ಚಿನ್ ಶಿಪ್‌ಯಾರ್ಡ್. ನೀನು ಕೂತಿರುವ ಈ ದೋಣಿ ಹುಟ್ಟಿದ್ದೂ ಅಲ್ಲೇ."

ಮೊಮ್ಮಗಳ ಕಣ್ಣು ದೊಡ್ಡದಾಯಿತು. "ಒಳಗೆ ಹೋಗಿ ನೋಡೋಣ" ಎಂದಳು. ಹಾಗೆ ಯಾರು ಬೇಕಾದರೂ ನುಗ್ಗುವ ಜಾಗವಲ್ಲ ಅದು. ನೌಕಾಪಡೆಯ ಹಡಗುಗಳೂ ಅಲ್ಲಿರುತ್ತವೆ. ಪಾಸ್ ಇಲ್ಲದೆ ಗೇಟು ದಾಟುವಂತಿಲ್ಲ. ಅದಕ್ಕೆ ನಾವು ದೋಣಿ ಇಳಿದ ಮೇಲೆ ಆಟೊ ಹಿಡಿದು ವೆಂಡುರುತ್ತಿ ಸೇತುವೆಯ ಕಡೆಗೆ ಹೋದೆವು. ಎರ್ನಾಕುಲಮ್ಮಿಗೂ ವಿಲ್ಲಿಂಗ್ಡನ್ ದ್ವೀಪಕ್ಕೂ ನಡುವಿನ ಸೇತುವೆ ಅದು. ದೂರದಿಂದಲೇ ಕ್ರೇನುಗಳನ್ನು ನೋಡುತ್ತಾ, ಗೆಳೆಯನ ಮಾತಿನಲ್ಲೇ ಗೇಟಿನೊಳಗೆ ಹೋಗಿಬಂದೆವು.

ತೇರು ಕಟ್ಟಿದ ಹಾಗೆ

"ಹಡಗನ್ನು ಮನೆ ಕಟ್ಟಿದ ಹಾಗೆ ತಳದಿಂದ ಮೇಲಕ್ಕೆ ಕಟ್ತಾ ಹೋಗ್ತಾರಾ?" ಇದು ಮೊಮ್ಮಗಳ ಮೊದಲ ಪ್ರಶ್ನೆ.

"ಇಲ್ಲ ಮಗಾ. ನಮ್ಮ ಕೋಟೇಶ್ವರದ ಕೊಡಿಹಬ್ಬಕ್ಕೆ ತೇರು ಕಟ್ಟುವುದನ್ನು ನೋಡಿದ್ದೀಯಲ್ಲ? ಬೇರೆ ಬೇರೆ ಭಾಗಗಳನ್ನು ತಂದು ಜೋಡಿಸ್ತಾರೆ. ಇದೂ ಹಾಗೆಯೇ."

ಮೊದಲು ಯಾರ್ಡಿಗೆ ಉಕ್ಕಿನ ತಗಡುಗಳು ಬರುತ್ತವೆ. ತಗಡು ಎಂದರೆ ಮನೆಯ ಮಾಡಿಗೆ ಹಾಕುವ ಶೀಟಲ್ಲ, ಬೆರಳು ದಪ್ಪದ ಹಲಗೆಗಳು. ಅವುಗಳ ಮೇಲೆ ಸಣ್ಣ ಉಕ್ಕಿನ ಗುಂಡುಗಳನ್ನು ರಭಸದಿಂದ ಸಿಡಿಸಿ ತುಕ್ಕನ್ನೆಲ್ಲ ಉದುರಿಸುತ್ತಾರೆ. ಕೂಡಲೇ ಪ್ರೈಮರ್ ಬಳಿಯುತ್ತಾರೆ. ಕಂಪ್ಯೂಟರಿನಲ್ಲಿರುವ ನಕ್ಷೆಯಂತೆ ಯಂತ್ರವು ಅವನ್ನು ಕತ್ತರಿಸುತ್ತದೆ. ಮೂತಿಯ ಬಳಿಯ ಬಾಗು ಬರಿಸಲು ರೋಲರುಗಳಿವೆ. ಆದರೆ ಕೆಲವು ಬಾಗುಗಳಿಗೆ ಇಂದಿಗೂ ನುರಿತ ಕೈಯೇ ಬೇಕು. ಗ್ಯಾಸಿನ ಉರಿಯಿಂದ ತಗಡಿನ ಮೇಲೆ ಗೆರೆ ಎಳೆದ ಹಾಗೆ ಕಾಯಿಸಿ, ಹಿಂದಿನಿಂದಲೇ ನೀರು ಬಿಡುತ್ತಾರೆ. ಕಾದ ಗೆರೆ ತಣಿದು ಕುಗ್ಗುವಾಗ ತಗಡು ತಾನಾಗಿ ಬಾಗುತ್ತದೆ. ಸುತ್ತಿಗೆಯ ಒಂದು ಪೆಟ್ಟೂ ಬೇಡ.

ಹೀಗೆ ಸಿದ್ಧವಾದ ತುಂಡುಗಳನ್ನು ಬೆಸೆದು ಮನೆಯಷ್ಟು ದೊಡ್ಡ 'ಬ್ಲಾಕ್'ಗಳನ್ನು ಮಾಡುತ್ತಾರೆ. ಎಷ್ಟೋ ಬ್ಲಾಕ್‌ಗಳನ್ನು ಕಟ್ಟುವುದು ತಲೆಕೆಳಗಾಗಿ! ಮೇಲೆ ನೋಡುತ್ತಾ ವೆಲ್ಡಿಂಗ್ ಮಾಡಿದರೆ ಕಿಡಿಗಳು ಮೈಮೇಲೆ ಬೀಳುತ್ತವೆ, ಕೈ ಸೋಲುತ್ತದೆ, ಬೆಸುಗೆಯೂ ಕೆಡಬಹುದು. ಬ್ಲಾಕನ್ನೇ ತಿರುಗಿಸಿಟ್ಟರೆ ವೆಲ್ಡರ್ ಕೆಳಗೆ ನೋಡಿಕೊಂಡು ನೆಮ್ಮದಿಯಿಂದ ಕೆಲಸ ಮಾಡಬಹುದು. ಪೈಪು, ಏಣಿಗಳನ್ನೂ ಆದಷ್ಟು ಆಗಲೇ ಕೂರಿಸಿರುತ್ತಾರೆ. ಕೊನೆಗೆ ದೈತ್ಯ ಕ್ರೇನು ಆ ಬ್ಲಾಕನ್ನು ಎತ್ತಿ ಡಾಕ್‌ನೊಳಗೆ ಇಳಿಸುತ್ತದೆ. ಅಲ್ಲಿ ಒಂದರ ಪಕ್ಕ ಒಂದನ್ನಿಟ್ಟು ಬೆಸೆಯುತ್ತಾರೆ.

ಡಾಕ್ ಎಂದರೆ ಸಮುದ್ರದ ದಡದಲ್ಲಿ ತೋಡಿದ, ಕಾಂಕ್ರೀಟಿನ ದೊಡ್ಡ ತೊಟ್ಟಿ. ಅದರ ಬಾಗಿಲು ಬಲು ಮಜವಾದದ್ದು. ಟೊಳ್ಳಾದ ಉಕ್ಕಿನ ಪೆಟ್ಟಿಗೆ ಅದು. ಒಳಗೆ ನೀರು ತುಂಬಿದರೆ ಮುಳುಗಿ ಕೂತು ಬಾಗಿಲು ಮುಚ್ಚುತ್ತದೆ. ನೀರು ತೆಗೆದರೆ ತೇಲುತ್ತದೆ, ಎಳೆದು ಪಕ್ಕಕ್ಕಿಡಬಹುದು. ಹಡಗಿನ ಒಡಲು ಸಿದ್ಧವಾದಾಗ ಡಾಕ್‌ಗೆ ನೀರು ಬಿಡುತ್ತಾರೆ. ವರ್ಷಗಟ್ಟಲೆ ದಿಮ್ಮಿಗಳ ಮೇಲೆ ಕೂತಿದ್ದ ಹಡಗು ಮೆಲ್ಲಗೆ ಎದ್ದು ತೇಲುತ್ತದೆ.

"ಅಷ್ಟು ಭಾರದ ಕಬ್ಬಿಣ ಹೇಗೆ ತೇಲ್ತದೆ?"

"ಬಾವಿಗೆ ತಂಬಿಗೆ ಬಿದ್ದರೆ ಸ್ವಲ್ಪ ಹೊತ್ತು ತೇಲ್ತದಲ್ಲ? ಒಳಗೆ ಗಾಳಿ ಇರುವ ತನಕ ತೇಲ್ತದೆ. ನೀರು ಹೊಕ್ಕರೆ ಮುಗೀತು. ನಮ್ಮ ಕೆಲಸವೆಲ್ಲ ಇಷ್ಟೇ, ನೀರು ಒಳಗೆ ಬರದ ಹಾಗೆ ನೋಡಿಕೊಳ್ಳುವುದು."

ಸುಣ್ಣ, ಸೀಮೆಎಣ್ಣೆ ಮತ್ತು ದೀಪಾವಳಿ

ಆಮೇಲೆ ಗೆಳೆಯ ಹೇಳಿದ್ದು ನನಗೂ ಗೊತ್ತಿರದ ಕಥೆ. ಅವನು ಕೆಲಸಕ್ಕೆ ಸೇರಿದ ಹೊಸತು. ಬೇರೊಂದು ಊರಿನ ಯಾರ್ಡ್. ದೀಪಾವಳಿಗೆ ಎರಡು ದಿನ ಇತ್ತು, ರಾತ್ರಿಯ ಬಸ್ಸಿಗೆ ಟಿಕೆಟ್ಟೂ ಆಗಿತ್ತು. ಒಂದು ಟ್ಯಾಂಕಿನ ಮೂಲೆಯ ಬೆಸುಗೆ ಮಾತ್ರ ಬಾಕಿ.

ವೆಲ್ಡಿಂಗ್ ರಾಡುಗಳನ್ನು ಬಿಸಿ ಪೆಟ್ಟಿಗೆಯಲ್ಲಿಟ್ಟು ಬಳಸಬೇಕು. ಕರಾವಳಿಯ ಗಾಳಿಗೆ ಹಪ್ಪಳ ಮೆತ್ತಗಾಗುವ ಹಾಗೆ ಅವೂ ತೇವ ಹೀರುತ್ತವೆ. ತೇವದ ರಾಡಿನಿಂದ ಬೆಸೆದರೆ ಒಳಗೆ ಸಣ್ಣ ಸಣ್ಣ ರಂಧ್ರಗಳು ಉಳಿಯುತ್ತವೆ. ಅವಸರದಲ್ಲಿ ಇವನು ಪೆಟ್ಟಿಗೆಯವರೆಗೆ ಹೋಗಲಿಲ್ಲ. ಹೊರಗೆ ಬಿದ್ದಿದ್ದ ರಾಡುಗಳಲ್ಲೇ ಕೆಲಸ ಮುಗಿಸಿದ. ಮೇಲೆ ಗ್ರೈಂಡರ್ ಹಿಡಿದು ನಯ ಮಾಡಿದ. ನೋಡಲು ಚೆಂದವೇ ಇತ್ತು.

ಬೆಸುಗೆಯನ್ನು ಪರೀಕ್ಷಿಸುವ ಕ್ರಮಗಳು ಹಲವು. ನಮ್ಮ ಮೂಳೆಗೆ ತೆಗೆದ ಹಾಗೆ ಎಕ್ಸ್-ರೇ ತೆಗೆಯುತ್ತಾರೆ, ಶಬ್ದದ ಅಲೆ ಕಳುಹಿಸಿ ನೋಡುತ್ತಾರೆ. ಒಂದು ಹಳೆಯ ಸರಳ ಕ್ರಮವೂ ಇದೆ. ಬೆಸುಗೆಯ ಒಂದು ಬದಿಗೆ ಸುಣ್ಣದಂಥ ಬಿಳಿ ಬಳಿದು, ಇನ್ನೊಂದು ಬದಿಗೆ ಸೀಮೆಎಣ್ಣೆ ಹಚ್ಚುತ್ತಾರೆ. ಕೂದಲೆಳೆಯಷ್ಟು ದಾರಿ ಇದ್ದರೂ ಎಣ್ಣೆ ಅದರೊಳಗಿಂದ ಇಳಿದು ಬಿಳಿಯ ಮೇಲೆ ಕಲೆಯಾಗಿ ಕಾಣುತ್ತದೆ.

"ನನ್ನ ಬೆಸುಗೆಯಲ್ಲಿ ಮೂರು ಕಲೆ ಕಾಣಿಸಿತು, ಮಾರಾಯ" ಎಂದು ನನ್ನ ಕಡೆ ತಿರುಗಿದ. "ಫೋರ್‌ಮನ್ ಒಂದೂ ಬೈಗುಳ ಬೈಯಲಿಲ್ಲ. ಸೀಮೆಸುಣ್ಣ ತೆಗೆದು ಆ ಕಲೆಗಳ ಪಕ್ಕದಲ್ಲಿ ನನ್ನ ನಂಬರ್ ಬರೆದು ಹೋದರು. ಪ್ರತಿ ವೆಲ್ಡರಿಗೂ ಒಂದು ನಂಬರ್ ಇರ್ತದೆ. ಯಾವ ಬೆಸುಗೆ ಯಾರದ್ದು ಅಂತ ದಾಖಲೆ ಇರ್ತದೆ. ಬಸ್ಸು ಹೋಯಿತು. ಇಡೀ ರಾತ್ರಿ ಕೂತು ಅದನ್ನೆಲ್ಲ ಕೆತ್ತಿ ತೆಗೆದು ಮತ್ತೆ ಬೆಸೆದೆ. ಆ ವರ್ಷ ನನಗೆ ದೀಪಾವಳಿ ಆಗಲಿಲ್ಲ."

"ಯಾರಿಗೂ ಗೊತ್ತಾಗದೆ ಹೋಗಿದ್ದರೆ?" ಎಂದಳು ಮೊಮ್ಮಗಳು.

"ಸಮುದ್ರಕ್ಕೆ ಗೊತ್ತಾಗ್ತಿತ್ತು ಮಗಾ. ಅದಕ್ಕೆ ರಜೆ ಇಲ್ಲ."

ಹಡಗಿನ ಆಸ್ಪತ್ರೆ

ಯಾರ್ಡಿನಲ್ಲಿ ಹೊಸ ಹಡಗು ಕಟ್ಟುವುದಷ್ಟೇ ಅಲ್ಲ, ಹಳೆಯದಕ್ಕೆ ಚಿಕಿತ್ಸೆಯೂ ನಡೆಯುತ್ತದೆ. ವ್ಯಾಪಾರದ ಹಡಗುಗಳ ತಳವನ್ನು ಐದು ವರ್ಷಗಳಲ್ಲಿ ಎರಡು ಬಾರಿಯಾದರೂ ಪರೀಕ್ಷಿಸಬೇಕೆಂಬ ನಿಯಮವಿದೆ.

ದುರಸ್ತಿಗೆ ಬರುವ ಹಡಗಿಗಾಗಿ ಖಾಲಿ ಡಾಕ್‌ನ ನೆಲದಲ್ಲಿ ಮೊದಲೇ ದಿಮ್ಮಿಗಳನ್ನು ಅಳತೆಯಂತೆ ಜೋಡಿಸುತ್ತಾರೆ. ನೀರು ತುಂಬಿಸಿ, ಹಡಗನ್ನು ಒಳಗೆಳೆದು, ಬಾಗಿಲು ಮುಚ್ಚಿ, ನೀರನ್ನು ಪಂಪಿನಿಂದ ಹೊರಹಾಕುತ್ತಾರೆ. ಹಡಗು ಇಳಿಯುತ್ತಾ ಇಳಿಯುತ್ತಾ ಅದೇ ದಿಮ್ಮಿಗಳ ಮೇಲೆ ಕೂರಬೇಕು. ಒಂದಡಿ ಆಚೀಚೆ ಆದರೂ ತಳ ನೆಗ್ಗಬಹುದು. ಆಮೇಲೆ ತಳಕ್ಕೆ ಕಚ್ಚಿದ ಚಿಪ್ಪುಜೀವಿಗಳನ್ನೂ ಪಾಚಿಯನ್ನೂ ನೀರಿನ ರಭಸದ ಧಾರೆಯಿಂದ ತೊಳೆಯುತ್ತಾರೆ. ಅವು ಹೆಚ್ಚಾದಷ್ಟೂ ಹಡಗು ನಿಧಾನವಾಗುತ್ತದೆ, ಎಣ್ಣೆಯ ಖರ್ಚು ಏರುತ್ತದೆ. ತಗಡು ಎಷ್ಟು ಸವೆದಿದೆ ಎಂದು ಅಳೆಯುತ್ತಾರೆ. ಲಂಗರಿನ ಸರಪಳಿಯನ್ನು ನೆಲದ ಮೇಲೆ ಉದ್ದಕ್ಕೆ ಹಾಸಿ, ಕೊಂಡಿಗಳ ಸವೆತ ನೋಡುತ್ತಾರೆ.

ಹಡಗಿನ ತಳದಲ್ಲಿ ಸತುವಿನ ಗಟ್ಟಿಗಳನ್ನು ಕೂರಿಸಿರುತ್ತಾರೆ. ಉಪ್ಪುನೀರು ಉಕ್ಕನ್ನು ತಿನ್ನುವ ಮೊದಲು ಸತುವನ್ನು ತಿನ್ನುತ್ತದೆ. ತಾನು ಸವೆದು ಹಡಗನ್ನು ಉಳಿಸುವುದೇ ಅದರ ಕೆಲಸ. ಡಾಕ್‌ಗೆ ಬಂದಾಗ ಸವೆದದ್ದನ್ನು ತೆಗೆದು ಹೊಸದು ಹಾಕುತ್ತಾರೆ.

ಇಲ್ಲಿ ಗೆಳೆಯ ಸ್ವಲ್ಪ ಹೊತ್ತು ಸುಮ್ಮನಾದ. ದುರಸ್ತಿಯ ಕೆಲಸದಲ್ಲಿ ಅಪಾಯ ಹೆಚ್ಚು. ಮುಚ್ಚಿದ ಟ್ಯಾಂಕಿನೊಳಗೆ ಉಸಿರಾಡುವ ಗಾಳಿ ಇರದಿರಬಹುದು, ಹೊತ್ತಿಕೊಳ್ಳುವ ಅನಿಲ ತುಂಬಿರಬಹುದು. 2018ರ ಫೆಬ್ರುವರಿಯಲ್ಲಿ ಇದೇ ಯಾರ್ಡಿಗೆ ದುರಸ್ತಿಗೆ ಬಂದಿದ್ದ 'ಸಾಗರ್ ಭೂಷಣ್' ಎಂಬ ತೈಲಬಾವಿ ಕೊರೆಯುವ ಹಡಗಿನಲ್ಲಿ ಸ್ಫೋಟವಾಗಿ ಐವರು ಪ್ರಾಣ ಕಳೆದುಕೊಂಡರು. ಒಳಗೆ ಇಳಿಯುವ ಮುನ್ನ ಅನಿಲದ ಪರೀಕ್ಷೆ ಏಕೆ ಮಾಡಬೇಕು, ಹೊರಗೆ ಒಬ್ಬರು ಕಾವಲು ಏಕೆ ನಿಲ್ಲಬೇಕು ಎಂದು ಯಾರಾದರೂ ಕೇಳಿದರೆ ಉತ್ತರ ಇದೇ.

ರಾಣಿ ಪದ್ಮಿನಿಯಿಂದ ವಿಕ್ರಾಂತ್‌ವರೆಗೆ

ಈ ಯಾರ್ಡ್ ಶುರುವಾದದ್ದು 1972ರಲ್ಲಿ, ಜಪಾನಿನ ಮಿತ್ಸುಬಿಷಿ ಕಂಪನಿಯ ತಾಂತ್ರಿಕ ನೆರವಿನಿಂದ. ಇಲ್ಲಿ ಕಟ್ಟಿದ ಮೊದಲ ಹಡಗು 'ರಾಣಿ ಪದ್ಮಿನಿ'. ಸುಮಾರು 75 ಸಾವಿರ ಟನ್ ಸರಕು ಹೊರುವ ಆ ಹಡಗು ಕೆಲಸಕ್ಕೆ ಸಿದ್ಧವಾದದ್ದು 1981ರಲ್ಲಿ.

1961ರಲ್ಲಿ ನಮ್ಮ ನೌಕಾಪಡೆ ಸೇರಿದ ಮೊದಲ ವಿಕ್ರಾಂತ್ ಬ್ರಿಟನ್ನಿನಿಂದ ಕೊಂಡದ್ದು. ನನ್ನ ವಯಸ್ಸಿನವರಿಗೆ 1971ರ ಯುದ್ಧದ ದಿನಗಳಲ್ಲಿ ರೇಡಿಯೊದಲ್ಲಿ ಆ ಹೆಸರು ಕೇಳಿದ ನೆನಪಿದೆ. ಈಗಿನ ವಿಕ್ರಾಂತ್ ಹುಟ್ಟಿದ್ದು ಈ ಕ್ರೇನುಗಳ ಕೆಳಗೆ. 2009ರಲ್ಲಿ ತಳಪಾಯ, 2022ರ ಸೆಪ್ಟೆಂಬರ್ 2ರಂದು ನೌಕಾಪಡೆಗೆ ಸೇರ್ಪಡೆ. ಉದ್ದ 262 ಮೀಟರ್, ಎರಡು ಫುಟ್‌ಬಾಲ್ ಮೈದಾನಗಳಿಗಿಂತ ಹೆಚ್ಚು. ಒಳಗೆ 2,000ಕ್ಕೂ ಹೆಚ್ಚು ಕೋಣೆಗಳು. ಅದಕ್ಕೆ ಬೇಕಾದ ವಿಶೇಷ ಉಕ್ಕು ಹೊರಗಿನಿಂದ ಬರುವುದು ಕಷ್ಟವಾದಾಗ, ನಮ್ಮ ವಿಜ್ಞಾನಿಗಳೂ ಸರ್ಕಾರಿ ಉಕ್ಕು ಕಾರ್ಖಾನೆಗಳೂ ಸೇರಿ ಇಲ್ಲೇ ತಯಾರಿಸಿದರು.

2024ರ ಜನವರಿಯಲ್ಲಿ 310 ಮೀಟರ್ ಉದ್ದದ ಹೊಸ ಡಾಕ್ ಕೂಡ ಇಲ್ಲಿ ಉದ್ಘಾಟನೆಯಾಯಿತು. ವಿಲ್ಲಿಂಗ್ಡನ್ ದ್ವೀಪದಲ್ಲಿ 6 ಸಾವಿರ ಟನ್ ತೂಕದ ಹಡಗನ್ನು ನೀರಿನಿಂದ ಮೇಲೆತ್ತುವ ಲಿಫ್ಟ್ ಕೂಡ ಆಗಲೇ ಬಂತು.

"ನಮ್ಮೂರಲ್ಲಿ ಇಂಥದ್ದು ಇಲ್ವಾ?" ಮೊಮ್ಮಗಳಿಗೆ ಸ್ವಲ್ಪ ಬೇಸರ.

"ಇಲ್ಲದೆ ಏನು! ಮಲ್ಪೆಯಲ್ಲಿದೆ" ಎಂದ ಗೆಳೆಯ. ಮುಚ್ಚಿಹೋಗುವ ಸ್ಥಿತಿಯಲ್ಲಿದ್ದ ಮಲ್ಪೆಯ ಯಾರ್ಡನ್ನು ಕೊಚ್ಚಿನ್ ಶಿಪ್‌ಯಾರ್ಡ್ 2020ರಲ್ಲಿ ತೆಗೆದುಕೊಂಡಿತು. ಈಗ ಅದರ ಹೆಸರು ಉಡುಪಿ ಕೊಚ್ಚಿನ್ ಶಿಪ್‌ಯಾರ್ಡ್. ದೊಡ್ಡ ಹಡಗುಗಳನ್ನು ಬಂದರಿನೊಳಗೆ ಎಳೆದು ತರುವ ಟಗ್‌ಗಳನ್ನು ಅಲ್ಲಿ ಕಟ್ಟುತ್ತಾರೆ. ದೂರದ ನಾರ್ವೆಯ ಕಂಪನಿಯೂ ಸರಕು ಹಡಗುಗಳಿಗೆ ಅಲ್ಲಿಗೇ ಆರ್ಡರ್ ಕೊಟ್ಟಿದೆ.

ಸಂಜೆ ಮತ್ತೆ ವಾಟರ್ ಮೆಟ್ರೊ ಹತ್ತಿದೆವು. ಬೆಳಿಗ್ಗೆ ಕಿಟಕಿಯಿಂದ ಕಣ್ಣು ತೆಗೆಯದಿದ್ದ ಮೊಮ್ಮಗಳು ಈಗ ಬಗ್ಗಿ ಸೀಟಿನ ಕೆಳಗೆ, ಗೋಡೆಯ ಮೂಲೆಗಳಲ್ಲಿ ಏನೋ ಹುಡುಕುತ್ತಿದ್ದಳು.

"ಏನಾದರೂ ಬಿತ್ತಾ?" ಎಂದು ಕೇಳಿದೆ.

"ಇಲ್ಲ ಅಜ್ಜ. ವೆಲ್ಡರ್ ಅಜ್ಜ, ಈ ಬೆಸುಗೆ ಹಾಕಿದವರ ನಂಬರ್ ಎಲ್ಲಿದೆ?"

"ಅದು ಯಾರ್ಡಿನ ದಾಖಲೆಯಲ್ಲಿ ಇರ್ತದೆ ಮಗಾ. ಬಣ್ಣ ಬಳಿದ ಮೇಲೆ ನಮಗೆ ನಿಮಗೆ ಕಾಣುವುದಿಲ್ಲ."

ಅವಳು ಗೋಡೆಯ ಅಂಚಿನಲ್ಲಿದ್ದ ಒಂದು ಜೋಡಣೆಯ ಮೇಲೆ ಹೆಬ್ಬೆರಳನ್ನು ಮೆಲ್ಲಗೆ ಓಡಿಸಿದಳು. ಆಮೇಲೆ ಎದ್ದು ಬಂದು ನಮ್ಮಿಬ್ಬರ ನಡುವೆ ಕುಳಿತಳು. ದೋಣಿ ಹೊರಟದ್ದು ಈ ಸಲವೂ ಯಾರಿಗೂ ಗೊತ್ತಾಗಲಿಲ್ಲ.