ಒಂಟಿಯೂ ಸಿತಾರವೂ

ಗಂಡಸರು ಕಿವಿ ಚುಚ್ಚಿಸಿಕೊಳ್ಳುವುದು ಪರದೇಶದ ಪುಂಡರಿಂದ ಬಂದ ಚಾಳಿಯೆಂದು ಹೇಳುವವರನ್ನು ಕಂಡರೆ ನಮಗೆ ನಗು ಬರುವುದು. ಕರ್ಣವೇಧವು ಷೋಡಶಸಂಸ್ಕಾರಗಳಲ್ಲೊಂದಲ್ಲವೆ? ಶಿಶುವಿನ ಆರನೆಯ ಅಥವಾ ಏಳನೆಯ ತಿಂಗಳಲ್ಲಿ, ಗಂಡಾದರೆ ಬಲಗಿವಿಯನ್ನೂ ಹೆಣ್ಣಾದರೆ ಎಡಗಿವಿಯನ್ನೂ ಮೊದಲು ಚುಚ್ಚಬೇಕೆಂದು ಸುಶ್ರುತನು ವಿಧಿಸಿರುವನು. ಹಾಲೆಯಲ್ಲಿ ಬಿಸಿಲು ತೂರಿ ಕಾಣುವ ಎಡೆಯನ್ನೇ ನೋಡಿ ಸೂಜಿಯಿಡಬೇಕಂತೆ. ಅಷ್ಟು ಸೂಕ್ಷ್ಮ ಅವನದು. ಹುಬ್ಬು, ತುಟಿ, ನಾಲಗೆಗಳನ್ನು ಚುಚ್ಚಿಸಿಕೊಳ್ಳುವುದು ಮಾತ್ರ ನಮಗೆ ಸೇರದು. ಉಣ್ಣುವ ಬಾಯಿಗೆ ಲೋಹವೇಕೆ?

ನಮ್ಮ ಕಿರಿಯ ಮಗನು ಬೆಂಗಳೂರಿನಿಂದ ಕಿವಿಗೊಂದು ಒಂಟಿಯಿಟ್ಟುಕೊಂಡು ಚಿಗಟೇರಿಗೆ ಬಂದನು. ನಿಶ್ಚಯವಾಗಲಿದ್ದ ಸಂಬಂಧವು ಅಷ್ಟಕ್ಕೇ ನಿಂತಿತು. ತೆಗೆದರೆ ಮಾತು ಮುಂದುವರಿಸೋಣವೆಂದು ಹೆಣ್ಣಿನ ಕಡೆಯ ಹಿರಿಯರು ಹೇಳಿಕಳುಹಿಸಿದರು. ಅವರ ಕಿವಿಗಳಲ್ಲಿಯೂ ಎಳೆತನದ ತೂತುಗಳಿದ್ದುವು! ತೆಗೆಯೆಂದು ಹೇಳಲು ನಮಗೆ ಮನಸ್ಸಾಗಲಿಲ್ಲ. ಅವನ ತಾಯಿಗೆ ನಮ್ಮ ಮೇಲೆ ಇನ್ನೂ ಮುನಿಸು.

ಅವನು ಕೇಳುವ ಹಾಡುಗಳ ಮೇಲೂ ಆಕೆಯ ದೂರುಂಟು. ಅವು ಬೀಟಲ್ಸ್ ಎಂಬ ಆಂಗ್ಲ ಗಾಯಕರವು. ಆ ತಂಡವು 1970ರಲ್ಲಿಯೇ ಒಡೆದುಹೋಯಿತು. ಅವರಲ್ಲಿ ಜಾರ್ಜ್ ಹ್ಯಾರಿಸನ್ನನು 1965ರಲ್ಲಿ ಹಾಡೊಂದಕ್ಕೆ ಸಿತಾರವನ್ನು ನುಡಿಸಿ, ಮರುವರ್ಷ ಭಾರತಕ್ಕೆ ಬಂದು ರವಿಶಂಕರರ ಬಳಿ ಶಿಷ್ಯನಾಗಿ ಕುಳಿತನು. 1968ರಲ್ಲಿ ನಾಲ್ವರೂ ಹೃಷೀಕೇಶಕ್ಕೆ ಧ್ಯಾನ ಕಲಿಯಲು ಹೋದುದೇ ಲೋಕಕ್ಕೆ ದೊಡ್ಡ ಸುದ್ದಿಯಾಯಿತು. ನಮಗೆ ಆ ಸಿತಾರದ ಪಾಠವೇ ಹೆಚ್ಚಿನದೆಂದು ತೋರುವುದು. ನಾರದಮುನಿಯ ಗುಡಿಯಿರುವ ಊರಿನವರು ನಾವು. ತಂತಿಯ ನಾದವು ಎಲ್ಲಿಂದ ಬಂದರೂ ಕಿವಿಗೊಡುವೆವು. ಡೋಲಿನ ಆರ್ಭಟವು ಮಾತ್ರ ನಮ್ಮ ಪ್ರಾಯಕ್ಕೆ ಹೆಚ್ಚು. ಆಗ ಎದ್ದು ಜಗಲಿಗೆ ಹೋಗುವೆವು.